ಹಾಫ್ ಮೂನ್ ಮತ್ತು ಪ್ಯಾರಡೈಸ್ ಕಡಲತೀರಗಳು

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಗೋಕರ್ಣಕ್ಕೆ ದಕ್ಷಿಣದಲ್ಲಿ, ಓಂ ಬೀಚಿನಿಂದಾಚೆ, ಅರಬ್ಬೀ ಸಮುದ್ರಕ್ಕೆ ಚಾಚಿಕೊಂಡ ಗುಡ್ಡಗಳ ನಡುವೆ ಇರುವ ಎರಡು ಪುಟ್ಟ ಮರಳ ತೀರಗಳು. ಪ್ಯಾರಡೈಸನ್ನು ಫುಲ್ ಮೂನ್ ಎಂದು ಕರೆಯುವವರೂ ಇದ್ದಾರೆ. ಈ ಹೆಸರುಗಳೆಲ್ಲ ಪ್ರವಾಸಿಗರು ಇಟ್ಟವು. ಎರಡೂ ತೀರಗಳಿಗೆ ವಾಹನ ಇಳಿಯುವ ರಸ್ತೆಯಿಲ್ಲ. ಗುಡ್ಡದ ಕಾಲುದಾರಿ ಹಿಡಿಯಬೇಕು, ಇಲ್ಲವೆ ದೋಣಿಯಲ್ಲಿ ಬರಬೇಕು. ಕರ್ನಾಟಕದ ಕರಾವಳಿಯಲ್ಲಿ ಕಟ್ಟಡಗಳ ಹಾವಳಿಯಿಲ್ಲದೆ ಉಳಿದ ಕೆಲವೇ ತೀರಗಳಲ್ಲಿ ಇವು ಸೇರುತ್ತವೆ. ಈಜುವವರ ಮಟ್ಟಿಗೆ ಗೋಕರ್ಣದ ಸುತ್ತಲಿನ ತುಂಬ ಅಪಾಯದ ನೀರುಗಳಲ್ಲಿ ಇಲ್ಲಿಯದೂ ಸೇರುತ್ತದೆ. ತೀರವನ್ನು ಮರೆಯಲ್ಲಿಟ್ಟ ಬಂಡೆಗಳೇ ನೀರನ್ನು ಸೆಳವಾಗಿ ತಿರುಗಿಸುತ್ತವೆ, ಮುಳುಗುತ್ತಿರುವವನಿಗೆ ದಡ ಸಿಗದಂತೆ ಮಾಡುತ್ತವೆ, ನೆರವಿಗೆ ಬರುವವರ ದಾರಿಯನ್ನೂ ಅಡ್ಡಗಟ್ಟುತ್ತವೆ. ಹಾಗಾಗಿ ಇಲ್ಲಿ ನೆಲದ ರಚನೆ ಬೇರೆ, ಅಪಾಯ ಬೇರೆ ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ನೆಲೆ ಮತ್ತು ದಾರಿ

ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ. ಈ ಎರಡು ನದಿಗಳ ಅಳಿವೆಗಳ ನಡುವೆ ಗೋಕರ್ಣವಿದೆ. ಪಟ್ಟಣದ ಎದುರಿನ ಮುಖ್ಯ ತೀರ ಗಂಗಾವಳಿಯ ದಿಕ್ಕಿಗೆ ಹೆಚ್ಚುಕಡಿಮೆ ನೇರವಾಗಿ ಕಿಲೋಮೀಟರುಗಟ್ಟಲೆ ಸಾಗುತ್ತದೆ. ದಕ್ಷಿಣಕ್ಕೆ ಹೊರಟರೆ ಅಂಥ ನೇರ ತೀರ ಸಿಗುವುದಿಲ್ಲ. ರಾಮತೀರ್ಥದ ಗುಡ್ಡ ದಾಟಿದರೆ ಕುಡ್ಲೆ, ಅದರಾಚೆ ಓಂ, ಆಮೇಲೆ ಹಾಫ್ ಮೂನ್, ಪ್ಯಾರಡೈಸ್; ಇನ್ನೂ ಕೆಳಗೆ ಬೇಲೆಕಾನ, ಕೊನೆಗೆ ತದಡಿಯ ಮೀನುಗಾರಿಕೆ ಬಂದರು ಮತ್ತು ಅಘನಾಶಿನಿಯ ಅಳಿವೆ. ಒಂದೊಂದು ತೀರಕ್ಕೂ ನಡುವೆ ಒಂದೊಂದು ಗುಡ್ಡ. ಕುಡ್ಲೆ ಸುಮಾರು ಒಂದು ಕಿಲೋಮೀಟರು ಉದ್ದವಿದ್ದರೆ, ಪ್ಯಾರಡೈಸಿನ ಮರಳು ಇನ್ನೂರು ಮೀಟರಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಅದರಲ್ಲೂ ನಡುನಡುವೆ ಬಂಡೆಗಳು.

ಕುಡ್ಲೆ ಮತ್ತು ಓಂ ಬೀಚುಗಳ ನೆತ್ತಿಯವರೆಗೆ ಡಾಂಬರು ರಸ್ತೆ ಬಂದಿದೆ. ಓಂ ಬೀಚಿನ ದಕ್ಷಿಣದ ತುದಿಯಿಂದ ಶುರುವಾಗುವ ಕಾಲುದಾರಿ ಗುಡ್ಡ ಹತ್ತಿ, ಕಡಲಿನ ಅಂಚನ್ನೇ ಹಿಡಿದು, ಸುಮಾರು ಅರ್ಧ ಗಂಟೆಯ ನಡಿಗೆಯಲ್ಲಿ ಹಾಫ್ ಮೂನ್ ಮುಟ್ಟಿಸುತ್ತದೆ. ಅಲ್ಲಿಂದ ಪ್ಯಾರಡೈಸಿಗೆ ಹೆಚ್ಚುಕಡಿಮೆ ಇನ್ನೂ ಅಷ್ಟೇ ದೂರ. ಈ ಎರಡನೆಯ ಹಾದಿಯಲ್ಲಿ ಉರುಳು ಬಂಡೆಗಳ ಮೇಲೆ ಕಾಲಿಟ್ಟು ದಾಟಬೇಕಾದ ಜಾಗಗಳಿವೆ. ಬೇಲೆಕಾನದ ಕಡೆಯಿಂದಲೂ ನಡೆದು ಬರಬಹುದು. ಮಳೆಗಾಲ ಕಳೆದ ಮೇಲೆ ಓಂ ಬೀಚಿನಿಂದ ದೋಣಿಗಳು ಓಡಾಡುತ್ತವೆ. ಜೂನ್ ಬಂತೆಂದರೆ ಅವನ್ನು ದಡಕ್ಕೆ ಎಳೆದಿಡುತ್ತಾರೆ.

ಬಂಡೆ, ಜಂಬಿಟ್ಟಿಗೆ, ಶೇಡಿ

ಈ ಗುಡ್ಡಗಳಲ್ಲಿ ಮೂರು ಪದರಗಳನ್ನು ಗುರುತಿಸಬಹುದು. ಬುಡದಲ್ಲಿ, ಅಲೆ ಬಡಿಯುವ ಮಟ್ಟದಲ್ಲಿ, ಕಪ್ಪುಬೂದು ಬಣ್ಣದ ಗಟ್ಟಿ ಕಲ್ಲು. ಇದು ಆರ್ಕಿಯನ್ ಯುಗದ ನೈಸ್ ಮತ್ತು ಶಿಸ್ಟ್ ಗುಂಪಿಗೆ ಸೇರಿದ ರೂಪಾಂತರ ಶಿಲೆ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಮಹಾರಾಷ್ಟ್ರದ ಕರಾವಳಿಯನ್ನು ಕಟ್ಟಿದ ದಖ್ಖನ್ ಲಾವಾ ಇಲ್ಲಿಯವರೆಗೆ ಹರಿದು ಬಂದಿಲ್ಲ. ನೆತ್ತಿಯ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಮತ್ತು ಬೇಸಗೆಯ ಬಿಸಿ ಸೇರಿ ಕಲ್ಲಿನೊಳಗಿನ ಸಿಲಿಕವನ್ನು ಲಕ್ಷಾಂತರ ವರ್ಷ ತೊಳೆದು ತೆಗೆದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗಳ ಗಟ್ಟಿ ಇದು. ನೆಲದಡಿಯಲ್ಲಿ ಇದ್ದಾಗ ಕೊಯ್ಯಲು ಬರುವಷ್ಟು ಮೆದು, ಗಾಳಿಗೆ ಒಡ್ಡಿದರೆ ಗಡಸು. ಮನೆ ಕಟ್ಟಲು ಕರಾವಳಿಯವರು ಕಡಿದು ತೆಗೆಯುವ ಕೆಂಪುಕಲ್ಲು ಇದೇ. ಅಘನಾಶಿನಿಯ ದಡಕ್ಕೆ ಹತ್ತಿರದ ಮಿರ್ಜಾನ್ ಕೋಟೆ ಎದ್ದು ನಿಂತಿರುವುದೂ ಇದರಿಂದಲೇ. ಭೂವಿಜ್ಞಾನದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಉತ್ತರ ಕನ್ನಡವನ್ನು ಹಾದುಹೋದವನು, ಆದರೆ ಹೆಸರಿಗೆ ಕಾರಣವಾದ ಕಲ್ಲನ್ನು ಅವನು ನೋಡಿದ್ದು ಮಲಬಾರಿನ ಅಂಗಾಡಿಪುರದಲ್ಲಿ.

ಅಪಾಯದ ದೃಷ್ಟಿಯಿಂದ ಮುಖ್ಯವಾದದ್ದು ಇವೆರಡರ ನಡುವಿನ ಪದರ. ಅದು ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆದು ಜೇಡಿ. ಕರಾವಳಿಯಲ್ಲಿ ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿ, ನೀರು ಕುಡಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಮಳೆನೀರು ಜಂಬಿಟ್ಟಿಗೆಯ ತೂತುಗಳಿಂದ ಇಳಿದು ಶೇಡಿಯ ಮೇಲೆ ನಿಂತು, ಇಳಿಜಾರು ಸಿಕ್ಕಲ್ಲಿ ಒರತೆಯಾಗಿ ಹೊರಬರುತ್ತದೆ. ಕರಾವಳಿಯ ಗುಡ್ಡಗಳಲ್ಲಿ ಮಳೆ ನಿಂತು ತಿಂಗಳುಗಳಾದರೂ ಸಿಹಿನೀರು ಒಸರುವುದಕ್ಕೆ ಈ ರಚನೆಯೇ ಕಾರಣ. ಇದೇ ನೀರು ಶೇಡಿಯನ್ನು ನೆನೆಸಿದಾಗ ಮೇಲಿನ ಕೆಂಪುಕಲ್ಲಿನ ಹಾಸು ಆಧಾರ ತಪ್ಪಿ ಕುಸಿಯುತ್ತದೆ. ಬುಡದಲ್ಲಿ ಅಲೆ ಕೊರೆಯುತ್ತ ಬರುವುದರಿಂದ ಕಡಲ ಮುಖದ ಗುಡ್ಡಗಳಿಗೆ ಈ ಕಾಟ ಇಮ್ಮಡಿ. ಕಾಲುದಾರಿಯುದ್ದಕ್ಕೂ, ತೀರದ ಎರಡೂ ತುದಿಗಳಲ್ಲೂ ಬಿದ್ದಿರುವ ಆಳೆತ್ತರದ ಕೆಂಪು ಬಂಡೆಗಳು ಒಂದು ಕಾಲಕ್ಕೆ ಗುಡ್ಡದ ನೆತ್ತಿಯಲ್ಲಿದ್ದವು.

ಮಳೆ ನೆನೆಸಿದ ಗುಡ್ಡ ಏನು ಮಾಡಬಲ್ಲದೆಂಬುದನ್ನು ಹತ್ತಿರದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನಾಡು ಕಂಡಿದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿ ಗಂಗಾವಳಿ ನದಿಗೆ ಇಳಿಯಿತು. ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದದ್ದು ಅಲ್ಲಿ ಚರ್ಚೆಗೆ ಬಂತು. ಗೋಕರ್ಣದ ತೀರದಲ್ಲಿ ಬುಡ ಕಡಿಯುವ ಕೆಲಸವನ್ನು ಸಮುದ್ರವೇ ಮಾಡುತ್ತದೆ. ಬಿಸಿಲು ತಪ್ಪಿಸಿಕೊಳ್ಳಲು ಕಡಿದಾದ ಗುಡ್ಡದ ನೆರಳಿಗೆ ಟವೆಲ್ ಹಾಸಿ ಮಲಗುವುದು, ಮಳೆಗಾಲದ ಕೊನೆಯ ವಾರಗಳಲ್ಲಿ, ಈಜುವುದಕ್ಕಿಂತ ಕಡಿಮೆ ಅಪಾಯದ ಕೆಲಸವೇನಲ್ಲ.

ಕಮಾನು ತೀರ

ಸಮುದ್ರದ ತೆರೆ ಆಳ ಕಡಿಮೆಯಾದ ಕಡೆ ನಿಧಾನವಾಗುತ್ತದೆ, ಆಳವಿದ್ದ ಕಡೆ ಮುಂದೋಡುತ್ತದೆ. ಇದರಿಂದ ತೆರೆಯ ಸಾಲು ಬಾಗುತ್ತದೆ. ಗುಡ್ಡದ ಮೂಗಿನ ಸುತ್ತ ಅಲೆಗಳ ಬಲ ಒಟ್ಟಾಗಿ ಬಡಿಯುತ್ತದೆ; ಎರಡು ಮೂಗುಗಳ ನಡುವಿನ ಕೊಲ್ಲಿಯಲ್ಲಿ ಅದೇ ಬಲ ಹರಡಿ ತೆಳುವಾಗುತ್ತದೆ. ಗಟ್ಟಿ ಕಲ್ಲು ಸುಲಭವಾಗಿ ಸವೆಯದೆ ಮೂಗಾಗಿ ಉಳಿಯುತ್ತದೆ, ಕೊಲ್ಲಿಯಲ್ಲಿ ಮರಳು ಕೂರುತ್ತದೆ. ಹಾಫ್ ಮೂನ್ ಅರ್ಧಚಂದ್ರವಾಗಿರುವುದು ಹೀಗೆ. ಓಂ ಬೀಚಿನಲ್ಲಿ ಇಂಥ ಎರಡು ಅರ್ಧಚಂದ್ರಗಳು ಅಕ್ಕಪಕ್ಕ ಇದ್ದು, ನಡುವೆ ಬಂಡೆಗಳ ಕೋಡು ಸಮುದ್ರಕ್ಕೆ ಇಳಿದಿದೆ. ಗುಡ್ಡದ ಮೇಲಿನಿಂದ ನೋಡಿದವರಿಗೆ ಅದು ಓಂಕಾರದಂತೆ ಕಂಡದ್ದರಿಂದ ಆ ಹೆಸರು.

ಎರಡೂ ಕಡೆ ಬಂಡೆಯ ಗೋಡೆಯಿರುವ ಇಂಥ ಪುಟ್ಟ ತೀರಗಳಿಗೆ ಪಾಕೆಟ್ ಬೀಚ್ ಎನ್ನುತ್ತಾರೆ. ಇವುಗಳ ಮರಳು ಹೆಚ್ಚುಕಡಿಮೆ ಇಲ್ಲಿಯದೇ ಆಸ್ತಿ. ಉದ್ದನೆಯ ತೀರಗಳಲ್ಲಿ ದಡದುದ್ದಕ್ಕೂ ಹರಿಯುವ ನೀರು ಒಂದು ಊರಿನ ಮರಳನ್ನು ಇನ್ನೊಂದು ಊರಿಗೆ ಸಾಗಿಸುತ್ತಿರುತ್ತದೆ. ಇಲ್ಲಿ ಹೋದ ಮರಳು ಬಹುಪಾಲು ಕೊಲ್ಲಿಯೊಳಗೇ ಓಡಾಡಿ ಮರಳಿ ಬರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಎತ್ತರದ ಅಲೆಗಳು ದಡವನ್ನು ಬರಿದು ಮಾಡಿ ಮರಳನ್ನು ಸ್ವಲ್ಪ ದೂರದ ನೀರಿನಡಿ ದಿಬ್ಬವಾಗಿ ಪೇರಿಸುತ್ತವೆ. ಅಕ್ಟೋಬರ್ ನಂತರದ ಶಾಂತ ತೆರೆಗಳು ಅದನ್ನು ಒಂದೊಂದೇ ಹಿಡಿಯಾಗಿ ವಾಪಸು ತರುತ್ತವೆ. ಫೆಬ್ರುವರಿಯ ಹೊತ್ತಿಗೆ ಅಗಲವಾದ ಮರಳ ಹಾಸು, ಜುಲೈಯಲ್ಲಿ ಬರೀ ಬಂಡೆ. ಎರಡೂ ಚಿತ್ರ ಒಂದೇ ಜಾಗದ್ದೆಂದು ನಂಬುವುದು ಕಷ್ಟ.

ಈ ತಿರುಗಾಟದಿಂದ ಈಜುವವರಿಗೆ ಎರಡು ಪರಿಣಾಮ. ಬೇಸಗೆಯಲ್ಲಿ ಮರಳಿನಡಿ ಹೂತುಹೋದ ಬಂಡೆಗಳು ಯಾವ ಆಳದಲ್ಲಿವೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕಳೆದ ಸಲ ಧುಮುಕಿದ ಜಾಗದಲ್ಲಿ ಈ ಸಲವೂ ಧುಮುಕಬಹುದು ಎಂಬ ಲೆಕ್ಕ ನಡೆಯುವುದಿಲ್ಲ. ಎರಡನೆಯದಾಗಿ, ಮಳೆಗಾಲ ಮುಗಿದ ಮೊದಲ ಒಂದೆರಡು ತಿಂಗಳು ನೀರಿನಡಿಯ ದಿಬ್ಬಗಳು ಇನ್ನೂ ದಡ ಸೇರಿರುವುದಿಲ್ಲ. ದಿಬ್ಬಗಳ ನಡುವೆ ಆಳದ ಕಾಲುವೆಗಳು ತೆರೆದೇ ಇರುತ್ತವೆ. ದಸರಾ ರಜೆಯ ಜನಸಂದಣಿ ಗೋಕರ್ಣಕ್ಕೆ ಇಳಿಯುವುದು ಸರಿಯಾಗಿ ಅದೇ ಹೊತ್ತಿಗೆ.

ದಡದ ಮೇಲ್ಭಾಗದಲ್ಲಿ ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು, ಮುಂಡಿಗೆ ಪೊದೆಗಳು ಮರಳನ್ನು ಹಿಡಿದಿಟ್ಟಿವೆ. ಬಳ್ಳಿ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದಾಚೆಗೆ ಸಾಮಾನ್ಯ ದಿನದ ಅಲೆ ಬರುವುದಿಲ್ಲ. ಡೇರೆ ಹಾಕುವವರು ಗಮನಿಸಬೇಕಾದ ಗೆರೆ ಇದು.

ಸೆಳವು

ಅಲೆ ಒಡೆದಾಗ ನೀರು ದಡದ ಕಡೆ ಬಂದು ಶೇಖರವಾಗುತ್ತದೆ. ಬಂದದ್ದು ವಾಪಸು ಹೋಗಲೇಬೇಕು. ಅಲೆ ಒಡೆಯದ ಆಳದ ಜಾಗವನ್ನು ಹುಡುಕಿಕೊಂಡು, ಕಿರಿದಾದ ಹೊಳೆಯಾಗಿ, ದಡದಿಂದ ಸಮುದ್ರಕ್ಕೆ ಅದು ನುಗ್ಗುತ್ತದೆ. ಇದು ಸೆಳವು, ಇಂಗ್ಲಿಷಿನ ರಿಪ್ ಕರೆಂಟ್. ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನಿಂದ ಒಂದು ಮೀಟರು ವೇಗ. ದೊಡ್ಡ ಅಲೆಯ ದಿನ ಎರಡು ಮೀಟರನ್ನೂ ಮುಟ್ಟಬಹುದು. ನೂರು ಮೀಟರಿನ ವಿಶ್ವದಾಖಲೆಯ ಈಜುಗಾರನ ವೇಗ ಸೆಕೆಂಡಿಗೆ ಎರಡು ಮೀಟರಿಗೆ ತುಸು ಮೇಲೆ, ಅದೂ ಒಂದೇ ಒಂದು ನಿಮಿಷದೊಳಗಿನ ಮಾತು. ಬಲವಾದ ಸೆಳವಿನ ಎದುರು ಹೆಚ್ಚು ಹೊತ್ತು ಈಜಿ ಗೆಲ್ಲುವ ಮನುಷ್ಯನಿಲ್ಲ.

ಸೆಳವು ಯಾರನ್ನೂ ನೀರಿನೊಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಕೊಲ್ಲುವುದು ದಣಿವು ಮತ್ತು ಗಾಬರಿ. ದಡ ಹಿಂದೆ ಸರಿಯುತ್ತಿರುವುದನ್ನು ಕಂಡವನು ಅದರತ್ತಲೇ ಕೈಬೀಸಿ ಈಜತೊಡಗುತ್ತಾನೆ, ಕೆಲವೇ ನಿಮಿಷದಲ್ಲಿ ತೋಳು ಸೋಲುತ್ತದೆ. ಅಲ್ಲಿಂದಾಚೆಗೆ ಕೂಗುವುದಕ್ಕೂ ಉಸಿರು ಇರುವುದಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಎತ್ತಿ ಅರಚುವುದು ಅಪರೂಪ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಹತ್ತಡಿ ದೂರದ ಸ್ನೇಹಿತನಿಗೂ ತಿಳಿಯದಂತೆ ಮುಗಿದುಹೋಗುತ್ತದೆ.

ತೆರೆದ ಮರಳ ತೀರದಲ್ಲಿ ಸೆಳವಿನ ಜಾಗ ಇಂದು ಇಲ್ಲಿ, ನಾಳೆ ಇನ್ನೊಂದು ಕಡೆ. ಹಾಫ್ ಮೂನ್, ಪ್ಯಾರಡೈಸ್‌ಗಳಂಥ ಕಮಾನು ತೀರದಲ್ಲಿ ಹಾಗಲ್ಲ. ನೈಋತ್ಯದಿಂದ ಓರೆಯಾಗಿ ಬರುವ ತೆರೆಗಳು ದಡದ ಮಗ್ಗುಲಲ್ಲಿ ಉತ್ತರದ ಕಡೆಗೆ ಹರಿವನ್ನು ಹುಟ್ಟಿಸುತ್ತವೆ. ಆ ಹರಿವು ಉತ್ತರದ ಬಂಡೆಗೆ ಬಡಿದು ದಾರಿಯಿಲ್ಲದೆ ಸಮುದ್ರದ ಕಡೆಗೆ ತಿರುಗುತ್ತದೆ. ದಕ್ಷಿಣದ ಬಂಡೆಯ ಮರೆಯಲ್ಲಿ ಅಲೆ ಕಡಿಮೆಯಿರುವುದರಿಂದ ಅಲ್ಲಿ ಇನ್ನೊಂದು ಹೊರಹರಿವು ಏಳಬಹುದು. ಫೆಬ್ರುವರಿಯಿಂದ ಮೇವರೆಗಿನ ಮಧ್ಯಾಹ್ನಗಳಲ್ಲಿ ಕಡಲಗಾಳಿ ವಾಯವ್ಯದಿಂದ ಬೀಸಿದರೆ ಈ ಪಾತ್ರಗಳು ಅದಲುಬದಲಾಗುತ್ತವೆ. ಒಟ್ಟಿನಲ್ಲಿ ಬಂಡೆಯ ಬುಡವೇ ಸೆಳವಿನ ಕಾಯಂ ವಿಳಾಸ. ಅಲೆ ತೀರ ದೊಡ್ಡದಾದ ದಿನ ಪುಟ್ಟ ಕೊಲ್ಲಿಯಲ್ಲಿ ಎರಡು ಮೂರು ಸೆಳವುಗಳಿಗೆ ಜಾಗ ಸಾಲದೆ ಎಲ್ಲ ಸೇರಿ ಒಂದೇ ದೊಡ್ಡ ಹರಿವಾಗಿ ಕೊಲ್ಲಿಯ ಬಾಯಿಂದಾಚೆಗೆ ಹೋಗುತ್ತವೆ. ಆಗ ಆ ತೀರದಲ್ಲಿ ಇಳಿಯಬಹುದಾದ ನೀರೇ ಇರುವುದಿಲ್ಲ.

ಮೋಸವೆಂದರೆ, ನೋಡಲು ಬಂಡೆಯ ಪಕ್ಕದ ನೀರೇ ಚೆಂದ. ನಡುವಿನಲ್ಲಿ ಅಲೆಗಳು ನೊರೆಯೆದ್ದು ಒಡೆಯುತ್ತಿದ್ದರೆ ಅಂಚಿನಲ್ಲಿ ಗಾಢ ಬಣ್ಣದ, ನೊರೆಯಿಲ್ಲದ, ನಯವಾದ ಪಟ್ಟಿ. ಮಕ್ಕಳನ್ನು ಕರೆದುಕೊಂಡು ಬಂದವರು ಶಾಂತ ನೀರೆಂದು ಅಲ್ಲಿಗೇ ಇಳಿಸುತ್ತಾರೆ. ಅಲೆ ಒಡೆಯದಿರಲು ಕಾರಣ ಅಲ್ಲಿ ಆಳ ಹೆಚ್ಚಿರುವುದು, ಆಳ ಹೆಚ್ಚಿರಲು ಕಾರಣ ಹರಿವು ಮರಳನ್ನು ಕೊರೆದಿರುವುದು. ಹರಿವು ಬಲವಾಗಿದ್ದರೆ ಕದಡಿದ ಮರಳು, ಎಲೆ, ನೊರೆಯ ತುಣುಕುಗಳು ಸಾಲಾಗಿ ಹೊರಕ್ಕೆ ಹೋಗುವುದು ಕಾಣುತ್ತದೆ. ಕಾಲುದಾರಿ ಗುಡ್ಡದ ಮೇಲಿನಿಂದಲೇ ಬರುವುದು ಈ ತೀರಗಳ ಒಂದು ಅನುಕೂಲ: ಇಳಿಯುವ ಮೊದಲು ಹತ್ತು ನಿಮಿಷ ಮೇಲೆಯೇ ನಿಂತು ನೋಡಿದರೆ ಸೆಳವಿನ ನಕ್ಷೆ ಪೂರ್ತಿ ಕಾಣುತ್ತದೆ. ಮರಳಿನ ಮೇಲೆ ನಿಂತವನಿಗೆ ಅದು ಕಾಣದು.

ಸೆಳವಿಗೆ ಸಿಕ್ಕರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕೆಂದು ಎಲ್ಲೆಡೆ ಹೇಳುತ್ತಾರೆ. ಉದ್ದನೆಯ ತೀರಕ್ಕೆ ಒಪ್ಪುವ ಈ ಸಲಹೆಯನ್ನು ಇಲ್ಲಿ ಕಣ್ಣುಮುಚ್ಚಿ ಪಾಲಿಸಿದರೆ, ಪಕ್ಕ ಎಂದರೆ ಯಾವ ಪಕ್ಕ ಎಂಬ ಪ್ರಶ್ನೆ ಏಳುತ್ತದೆ. ಒಂದು ಪಕ್ಕದಲ್ಲಿ ಬಂಡೆಯಿದೆ. ಅಲ್ಲಿ ಅಲೆ ಎತ್ತಿ ಒಗೆಯುತ್ತದೆ. ಸರಿಯಾದ ದಿಕ್ಕು ಕೊಲ್ಲಿಯ ನಡುಭಾಗ, ಅಂದರೆ ಅಲೆ ಬೆಳ್ಳಗೆ ಒಡೆಯುತ್ತಿರುವ ಕಡೆ. ಒಡೆಯುವ ಅಲೆ ದಡಕ್ಕೆ ತಳ್ಳುತ್ತದೆ. ಅದಕ್ಕೂ ಮೊದಲು ಮಾಡಬೇಕಾದದ್ದು ಅಂಗಾತ ತೇಲಿ ಉಸಿರು ಹಿಡಿತಕ್ಕೆ ತಂದುಕೊಳ್ಳುವುದು, ಒಂದು ಕೈ ಎತ್ತಿ ಜನರ ಗಮನ ಸೆಳೆಯುವುದು. ಸೆಳವಿನ ಬಲ ಅಲೆ ಒಡೆಯುವ ಸಾಲಿನಿಂದಾಚೆ ಕುಗ್ಗುತ್ತದೆ. ಈಜುಕೊಳದಲ್ಲಿ ಈಜು ಕಲಿತವರಿಗೆ ತೇಲುವುದು ಸೋಲೊಪ್ಪಿಕೊಂಡಂತೆ ಅನ್ನಿಸುತ್ತದೆ. ದೆಹಲಿಯಿಂದ ಬಂದವರಿರಲಿ, ಹುಬ್ಬಳ್ಳಿಯಿಂದ ಬಂದವರಿರಲಿ, ನೀರು ತಾನೇ ನಡೆದುಕೊಂಡು ಹೋಗುತ್ತದೆ ಎಂಬುದು ಕೊಳದ ಅನುಭವದಲ್ಲಿ ಸೇರಿಲ್ಲ. ಹರಿಯುವ ಹೊಳೆಯಲ್ಲಿ ಆಡಿ ಬೆಳೆದವರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿರುತ್ತಾರೆ, ಆದರೆ ಅವರಿಗೆ ಅಲೆಯ ಪರಿಚಯವಿರುವುದಿಲ್ಲ.

ಬಂಡೆಯ ಮೇಲೆ

ಗೋಕರ್ಣದ ಸುತ್ತ ಸಮುದ್ರಪಾಲಾದವರೆಲ್ಲ ಈಜಲು ಇಳಿದವರೇ ಅಲ್ಲ. ಬಂಡೆಯ ತುದಿಯಲ್ಲಿ ಫೋಟೋಕ್ಕೆ ನಿಂತವರೂ ಇದ್ದಾರೆ. ತೆರೆಗಳು ಒಂದೇ ಗಾತ್ರದಲ್ಲಿ ಬರುವುದಿಲ್ಲ. ದೂರದ ಬಿರುಗಾಳಿಗಳಿಂದ ಹುಟ್ಟಿದ ಬೇರೆ ಬೇರೆ ಅಲೆಸಾಲುಗಳು ಒಂದರ ಮೇಲೊಂದು ಕೂಡಿದಾಗ ನಾಲ್ಕಾರು ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಆಮೇಲೆ ಹಲವು ನಿಮಿಷ ಸದ್ದಿಲ್ಲ. ಸದ್ದಿಲ್ಲದ ಆ ಹೊತ್ತಿನಲ್ಲಿ ಬಂದವರಿಗೆ ಬಂಡೆ ಒಣಗಿದಂತೆ ಕಾಣುತ್ತದೆ. ನೀರು ಎಲ್ಲಿಯವರೆಗೆ ಏರುತ್ತದೆಂಬ ಗುರುತು ಬಂಡೆಯ ಮೈಮೇಲೆಯೇ ಇದೆ: ಕಪ್ಪಗೆ ಒದ್ದೆಯಾದ, ಪಾಚಿ ಹಿಡಿದ, ಚಿಪ್ಪು ಅಂಟಿದ ಭಾಗವೆಲ್ಲ ಅಲೆಯ ಹಕ್ಕಿನ ಜಾಗ. ಮಳೆಗಾಲದಲ್ಲಿ ಪಾಚಿ ಇನ್ನೂ ಮೇಲಕ್ಕೆ ಹಬ್ಬುತ್ತದೆ. ಜಾರಿ ಬಿದ್ದವನು ಮತ್ತೆ ಹತ್ತಲು ನೋಡಿದರೆ ಚಿಪ್ಪುಗಳ ಅಲಗು ಕೈಕಾಲು ಸೀಳುತ್ತದೆ, ಮುಂದಿನ ಅಲೆ ಅವನನ್ನು ಬಂಡೆಗೇ ಅಪ್ಪಳಿಸುತ್ತದೆ. ಹೀಗೆ ಬಿದ್ದವರು ಬಂಡೆ ಹಿಡಿಯಲು ಹೆಣಗುವುದಕ್ಕಿಂತ ತುಸು ಆಚೆ ಸರಿದು ತೇಲುವುದೇ ಲೇಸು.

ಮರಳು ಕಡಿದಾಗಿ ಇಳಿಯುವ ಕಡೆ ಇನ್ನೊಂದು ಬಗೆಯ ಪೆಟ್ಟು. ಅಲೆ ದೂರದಲ್ಲಿ ಒಡೆಯದೆ ದಡದ ಮೇಲೆಯೇ ಒಮ್ಮೆಲೇ ಕುಸಿದು ಬೀಳುತ್ತದೆ. ಮೊಣಕಾಲು ನೀರಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತವರನ್ನು ಅದು ತಲೆಕೆಳಗಾಗಿಸಿ ಮರಳಿಗೆ ಕುಕ್ಕುತ್ತದೆ. ಕುತ್ತಿಗೆಯ ಮೂಳೆ ಮುರಿಯಲು ಆಳದ ನೀರು ಬೇಕಿಲ್ಲ.

ಉಬ್ಬರ, ಇಳಿತ ಮತ್ತು ಕಳ್ಳಕ್ಕಡಲ್

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡರ ಎತ್ತರವೂ ಒಂದೇ ಸಮ ಇರುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಸುಮಾರು ಒಂದೂವರೆ ಮೀಟರು, ಅಷ್ಟಮಿ ನವಮಿಯ ಹೊತ್ತಿಗೆ ಅದರ ಅರ್ಧದಷ್ಟು. ಗುಜರಾತಿನ ಖಂಭಾತ್ ಕೊಲ್ಲಿಯ ಏರಿಳಿತಕ್ಕೆ ಹೋಲಿಸಿದರೆ ಇದು ಲೆಕ್ಕಕ್ಕಿಲ್ಲ. ಆದರೆ ಬಂಡೆಯ ಬುಡ ಬಳಸಿ ಪಕ್ಕದ ತೀರಕ್ಕೆ ದಾಟಿದವನಿಗೆ ಒಂದೂವರೆ ಮೀಟರೆಂದರೆ ಎದೆಮಟ್ಟದ ನೀರು. ಇಳಿತದಲ್ಲಿ ಸುಲಭವಾಗಿ ಹೋದ ದಾರಿ ವಾಪಸು ಬರುವಾಗ ಇರುವುದಿಲ್ಲ. ಆಗ ಉಳಿಯುವುದು ಕತ್ತಲಲ್ಲಿ ಗುಡ್ಡ ಹತ್ತುವ ಕೆಲಸ. ಉಬ್ಬರದ ಸಮಯ ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಮೀನುಗಾರರು ತಿಥಿ ನೋಡಿಯೇ ಇದನ್ನು ಹೇಳುತ್ತಾರೆ. ತದಡಿಯ ಕಡೆಗೆ, ಅಘನಾಶಿನಿಯ ಅಳಿವೆಯಲ್ಲಿ, ಇಳಿತದ ನೀರು ನದಿಯ ನೀರಿನೊಂದಿಗೆ ಸೇರಿ ಹೊರಕ್ಕೆ ಧಾವಿಸುತ್ತದೆ. ದೊಡ್ಡ ಅಣೆಕಟ್ಟುಗಳಿಲ್ಲದ ಈ ನದಿ ಮಳೆಗಾಲದಲ್ಲಿ ತನ್ನ ಪೂರ್ತಿ ಬಲದಿಂದ ಸಮುದ್ರ ಸೇರುವುದರಿಂದ ಅಳಿವೆಯಲ್ಲಿ ಈಜುವ ಯೋಚನೆ ಯಾವ ಕಾಲಕ್ಕೂ ಸಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆದರೂ ಸಮುದ್ರ ಇದ್ದಕ್ಕಿದ್ದಂತೆ ಉಕ್ಕಿ ದಡದ ಮೇಲೇರುವ ದಿನಗಳಿವೆ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಸಾವಿರಾರು ಕಿಲೋಮೀಟರು ದಾಟಿ ನಾಲ್ಕಾರು ದಿನಗಳಲ್ಲಿ ಇಲ್ಲಿಗೆ ತಲುಪಿದಾಗ ಹೀಗಾಗುತ್ತದೆ. ಎರಡು ತೆರೆಗಳ ನಡುವಿನ ಅಂತರ ಹದಿನೈದು ಸೆಕೆಂಡಿಗೂ ಹೆಚ್ಚು. ಒಂದೊಂದು ತೆರೆಯೂ ಹೊತ್ತು ತರುವ ನೀರು ಅಪಾರ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೊ ಈ ಪದವನ್ನೇ ಶಾಸ್ತ್ರೀಯ ಬಳಕೆಗೆ ಒಪ್ಪಿತು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಇಂಥ ಉಕ್ಕುಗಳ ಮುನ್ಸೂಚನೆಯನ್ನು ಜಿಲ್ಲಾವಾರು ಕೊಡುತ್ತದೆ. ಗೋಕರ್ಣದ ಬೀಚಿನಲ್ಲಿ ಬಿಸಿಲು ಹೊಳೆಯುತ್ತಿರುವಾಗ ಕೆಂಪು ಬಾವುಟ ಯಾಕೆ ಹಾರಿಸಿದ್ದಾರೆಂದು ಜೀವರಕ್ಷಕರೊಂದಿಗೆ ಜಗಳಕ್ಕೆ ನಿಲ್ಲುವ ಪ್ರವಾಸಿಗರಿಗೆ ಈ ಹಿನ್ನೆಲೆ ತಿಳಿದಿರುವುದಿಲ್ಲ.

ನೀರಿನೊಳಗಿನ ಜೀವಿಗಳು

ಇಲ್ಲಿ ಜೀವಿಗಳಿಂದ ಆಗುವ ಅಪಾಯ ಅಲೆಯ ಅಪಾಯದ ಮುಂದೆ ಚಿಕ್ಕದು. ಜೆಲ್ಲಿ ಮೀನುಗಳು ಕೆಲವು ವಾರಗಳಲ್ಲಿ ಗುಂಪಾಗಿ ಬರುತ್ತವೆ, ಮೈಗೆ ತಾಗಿದರೆ ಉರಿ ಎಬ್ಬಿಸುತ್ತವೆ. ತೊರಕೆ ಮೀನು ಮರಳಿನಲ್ಲಿ ಹುದುಗಿ ಮಲಗಿರುತ್ತದೆ. ನೀರಿನಲ್ಲಿ ಕಾಲೆತ್ತಿ ಇಡದೆ ಮರಳಿನ ಮೇಲೆ ಉಜ್ಜಿಕೊಂಡು ನಡೆದರೆ ಅದು ತಾನಾಗಿ ಸರಿಯುತ್ತದೆ, ಮುಳ್ಳು ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟರೆ ನೋವು ಇಳಿಯುತ್ತದೆ. ಕಡಲ ಹಾವುಗಳಿಗೆ ಕಟುವಾದ ವಿಷವಿದೆ. ಬಲೆಯಿಂದ ಬಿಡಿಸುವ ಮೀನುಗಾರರಿಗೆ ಅವು ಕಚ್ಚುವುದುಂಟೇ ಹೊರತು ಈಜುವವರನ್ನು ಹುಡುಕಿಕೊಂಡು ಬರುವುದಿಲ್ಲ. ದಡಕ್ಕೆ ಬಿದ್ದ ಹಾವು ಸತ್ತಿದೆಯೆಂದು ಮುಟ್ಟಬಾರದು. ಚಳಿಗಾಲದ ಕೆಲವು ರಾತ್ರಿ ನೀರು ನೀಲಿಯಾಗಿ ಮಿನುಗುತ್ತದೆ. ಅದು ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿಯ ಬೆಳಕು. ಅದನ್ನು ನೋಡಲು ಕತ್ತಲಲ್ಲಿ ನೀರಿಗಿಳಿಯುವವರಿಗೆ ಸೆಳವು ಕಾಣಿಸುವುದಿಲ್ಲ ಎಂಬುದೇ ಅಲ್ಲಿನ ಅಪಾಯ.

ಅಭಿವೃದ್ಧಿಯಾಗದೆ ಉಳಿದದ್ದು

ಈ ತೀರಗಳು ಬರಿದಾಗಿ ಉಳಿದಿರುವುದಕ್ಕೆ ರಸ್ತೆಯಿಲ್ಲದಿರುವುದು ಒಂದು ಕಾರಣ, ಕಾನೂನು ಇನ್ನೊಂದು. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. 2011 ಮತ್ತು 2019ರಲ್ಲಿ ಹೊಸ ರೂಪ ಪಡೆಯಿತು. ಜನವಸತಿ ವಿರಳವಾದ ಗ್ರಾಮೀಣ ತೀರಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ಸಾಮಾನ್ಯವಾಗಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಪ್ಯಾರಡೈಸಿನಲ್ಲಿ ಒಂದು ಕಾಲಕ್ಕೆ ಇದ್ದ ಗುಡಿಸಲು, ಹೋಟೆಲುಗಳನ್ನು ಅರಣ್ಯ ಇಲಾಖೆ ತೆರವು ಮಾಡಿತು. ದಕ್ಷಿಣದ ತದಡಿಯಲ್ಲಿ 4000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು, ಜನರ ವಿರೋಧದಿಂದ ಕೈಬಿಟ್ಟುಹೋಯಿತು. ಅದೇ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ, ಪಟ್ಟಿಗೆ ಸೇರಿತು.

ಗುಡಿಸಲು ಹೋದಾಗ ಅಲ್ಲಿದ್ದ ಕಣ್ಣುಗಳೂ ಹೋದವು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಚಹಾ ಮಾರುವವನು, ದೋಣಿ ಕಾಯುವವನು ಸಮುದ್ರದ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಮುಖ್ಯ ತೀರ, ಕುಡ್ಲೆ, ಓಂಗಳಲ್ಲಿ ಜೀವರಕ್ಷಕರಿದ್ದಾರೆ, ಸೀಟಿ ಊದುತ್ತಾರೆ, ಹಗ್ಗ ಮತ್ತು ತೇಲುಬಳೆ ಇಟ್ಟುಕೊಂಡಿರುತ್ತಾರೆ. ಇದೇ ಜಿಲ್ಲೆಯ ಹೊನ್ನಾವರ ಬಳಿಯ ಕಾಸರಕೋಡು 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದದ್ದೂ ಇಂಥ ಏರ್ಪಾಡುಗಳ ಬಲದಿಂದ. ಅಲ್ಲೆಲ್ಲ ಏನಾದರೂ ಆದರೆ ಹತ್ತಿರ ಯಾರಾದರೂ ಇರುತ್ತಾರೆ. ಇಲ್ಲಿ ಓಂ ಬೀಚಿನಿಂದ ದೋಣಿ ಬರಬೇಕು, ಅಥವಾ ಗುಡ್ಡದ ದಾರಿಯಲ್ಲಿ ಯಾರಾದರೂ ಓಡಬೇಕು. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಉಸಿರು ನಿಂತ ಮನುಷ್ಯನ ಮಿದುಳು ನಾಲ್ಕಾರು ನಿಮಿಷಕ್ಕೆ ಹಾನಿಗೊಳ್ಳತೊಡಗುತ್ತದೆ. ಅಷ್ಟರಲ್ಲಿ ಯಾವ ದೋಣಿಯೂ ಬರಲಾರದು.

ಜಿಲ್ಲೆಯಲ್ಲಿ ಜೀವರಕ್ಷಕರಿದ್ದ ತೀರಗಳೂ ಸಾವು ಕಂಡಿವೆ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆಮೇಲೆ ಆ ತೀರವನ್ನು ಕೆಲ ಕಾಲ ಮುಚ್ಚಲಾಯಿತು. ದಾರಿಗೆ ಗೇಟು ಹಾಕಿ ಮುಚ್ಚಬಹುದಾದದ್ದು ಮುರ್ಡೇಶ್ವರ. ಹಾಫ್ ಮೂನಿಗೆ ಗೇಟು ಹಾಕುವ ಜಾಗವೇ ಇಲ್ಲ.

ನೆರವು

ಹೀಗಿರುವಾಗ ಮುಳುಗುತ್ತಿರುವವರಿಗೆ ಸಿಗುವ ನೆರವು ಜೊತೆಯಲ್ಲಿ ಬಂದವರದ್ದು ಮಾತ್ರ. ಅವರು ಮಾಡುವ ಮೊದಲ ತಪ್ಪು ಬರಿಗೈಯಲ್ಲಿ ನೀರಿಗೆ ಹಾರುವುದು. ಗಾಬರಿಗೊಂಡವನು ಸಿಕ್ಕವರ ಕುತ್ತಿಗೆಯನ್ನೇ ಹಿಡಿದು ಮೇಲೇರಲು ನೋಡುತ್ತಾನೆ. ಒಬ್ಬರನ್ನು ಉಳಿಸಹೋಗಿ ಇನ್ನೊಬ್ಬರೂ ಹೋದ ಸುದ್ದಿ ಕರಾವಳಿಯ ಪತ್ರಿಕೆಗಳಿಗೆ ಹೊಸದಲ್ಲ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಗಾಳಿ ತುಂಬಿದ ಚೀಲ, ಉದ್ದ ಹಗ್ಗ, ತೇಲುವ ಏನನ್ನಾದರೂ ಎಸೆಯುವುದು ಮೇಲು. ಐದು ಲೀಟರಿನ ಕ್ಯಾನು ಒಬ್ಬರನ್ನು ತೇಲಿಸಿಡಲು ಸಾಕು.

ದಡಕ್ಕೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ಕಕ್ಕಿಸುವ, ತಲೆಕೆಳಗಾಗಿ ಹಿಡಿಯುವ, ಬೆನ್ನ ಮೇಲೆ ಹೊತ್ತು ಓಡುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಮುಳುಗಿದವರಲ್ಲಿ ಮೊದಲು ಕೈಕೊಡುವುದು ಆಮ್ಲಜನಕ. ಉಸಿರು ನಿಂತಿದ್ದರೆ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತುವಿಕೆ: ಮೂವತ್ತು ಸಲ ಒತ್ತಿ ಎರಡು ಸಲ ಉಸಿರು, ನೆರವು ಬರುವವರೆಗೂ ಬಿಡದೆ. ಉಸಿರಾಡುತ್ತಿದ್ದು ಪ್ರಜ್ಞೆ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಎಚ್ಚರಗೊಂಡು ಮಾತಾಡಿದರೂ ಆಸ್ಪತ್ರೆಗೆ ಒಯ್ಯುವುದನ್ನು ತಪ್ಪಿಸಬಾರದು. ಶ್ವಾಸಕೋಶಕ್ಕೆ ನೀರು ಹೋದವರ ಸ್ಥಿತಿ ಕೆಲವು ಗಂಟೆಗಳ ನಂತರ ಕೆಡುವುದುಂಟು. ತುರ್ತು ಕರೆಗೆ 112, ಆಂಬುಲೆನ್ಸಿಗೆ 108, ಕರಾವಳಿ ಕಾವಲು ಪೊಲೀಸರಿಗೆ 1093. ಪ್ರಥಮ ಚಿಕಿತ್ಸೆ ಗೋಕರ್ಣದಲ್ಲಿ, ಅದರ ಮೇಲಿನದು ಕುಮಟಾದ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ಸಿಗುತ್ತದೆ. ಗಂಭೀರ ಸ್ಥಿತಿಯ ರೋಗಿಗಳನ್ನು ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಕಳಿಸುವುದು ಅಲ್ಲಿಯ ರೂಢಿ.

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮೀನುಗಾರರು ಮತ್ತೆ ಕಡಲಿಗಿಳಿಯುತ್ತಾರೆ. ನಿಷೇಧದ ಕಾಲದಲ್ಲೂ, ಆನಂತರ ಅಲೆ ಇಳಿಯುವ ತನಕದ ವಾರಗಳಲ್ಲೂ, ಈ ಎರಡು ತೀರಗಳಿಗೆ ಕಡಲ ದಾರಿಯಿಂದ ನೆರವು ಬರುವ ಸಾಧ್ಯತೆ ಇಲ್ಲವೆಂದೇ ತಿಳಿಯಬೇಕು.